ಒಂದು ಲೀಟರ್ ನೀರು

ಕೆಲಸಕ್ಕೆ ಸೇರಿದಾಗಿನಿಂದ ರಸಾಯನಶಾಸ್ತ್ರದ ಮೇಷ್ಟ್ರು ಗಂಟಲು ಹರಿದುಕೊಂಡು ಹೇಳುತ್ತಿದ್ದ ಮಾತು ಒಂದೇ: ಎಷ್ಟು ಉಪ್ಪು ಹಾಕಿದಿರಿ ಅನ್ನುವುದಷ್ಟೇ ಅಲ್ಲ, ಎಷ್ಟು ನೀರಿಗೆ ಹಾಕಿದಿರಿ ಅನ್ನುವುದನ್ನೂ ನೋಡಿ. ಅದಕ್ಕೇ ದ್ರಾವಣದ ಸಾರತೆ ಎನ್ನುವುದು. ಮಕ್ಕಳು ಕೋಲೆಬಸವನ ಹಾಗೆ ತಲೆಯಾಡಿಸಿ, ಪರೀಕ್ಷೆಯಲ್ಲಿ ತಪ್ಪದೆ ತಪ್ಪು ಬರೆಯುತ್ತಿದ್ದರು. ಊಟಕ್ಕೆ ಕೂತಾಗ ಮೇಷ್ಟ್ರು ಅದನ್ನೇ ಹೇಳಿ ನಗುವುದು, ಬಡಿಸುತ್ತಿದ್ದ ಅಮ್ಮನೂ ನಗುವುದು. ಅಮ್ಮನಿಗೂ ಆ ಪಾಠ ಬೇಕಾದೀತೆಂದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮಗಳು ಚೂಟಿಗೆ ವಾಂತಿಭೇದಿ ಹತ್ತಿಕೊಂಡಿತು. ಹೆಂಡತಿ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಮೇಷ್ಟ್ರು ಓಆರ್‌ಎಸ್ ಪುಡಿಯ ಪೊಟ್ಟಣಗಳನ್ನು ತಂದು, "ನೀರಿಗೆ ಹಾಕಿ ಕುಡಿಸ್ತಾ ಇರಮ್ಮ" ಎಂದು ಶಾಲೆಗೆ ಓಡಿದರು. ಸಂಜೆ ಬಂದು ನೋಡಿದರೆ ಮಗು ಕರೆದರೂ ಕಣ್ಣು ಬಿಡುತ್ತಿರಲಿಲ್ಲ, ಕೈಕಾಲು ಅದುರುತ್ತಿದ್ದವು. ಎತ್ತಿಕೊಂಡು ಅಮ್ಮನ ಜೊತೆ ಆಸ್ಪತ್ರೆಗೆ ಧಾವಿಸಿದರು.

"ಪೊಟ್ಟಣ ಎಷ್ಟು ನೀರಿಗೆ ಕಲಸಿದ್ರಿ?" ರಕ್ತದ ವರದಿ ನೋಡುತ್ತ ಡಾಕ್ಟರಮ್ಮ ಕೇಳಿದರು.

"ಒಂದು ಲೋಟಕ್ಕೆ," ಅಮ್ಮ ಹೇಳಿದರು. "ಪೊಟ್ಟಣದ ಮೇಲೆ ಲೀಟರಿಗೆ ಅಂತ ಬರೆದಿತ್ತು, ಇಷ್ಟು ಮಗು ಲೀಟರ್ ನೀರು ಎಲ್ಲಿ ಕುಡಿಯುತ್ತೆ ತಾಯಿ? ಪುಡಿ ಮಾತ್ರ ಒಂದು ಚೂರೂ ಜಾಸ್ತಿ ಹಾಕಿಲ್ಲ. ಬಾಯಾರಿಕೆ ಅಂತ ಅತ್ತಾಗೆಲ್ಲ ಹಾಗೇ ಮಾಡಿಕೊಟ್ಟೆ."

ಮೇಷ್ಟ್ರು ಡಾಕ್ಟರಮ್ಮನ ಕಡೆ ತಿರುಗಿದರು. "ಹಾಗಾದ್ರೆ ಬೇಗ ನೀರು ಕೊಡಿ ಡಾಕ್ಟ್ರೇ, ರಕ್ತದಲ್ಲಿ ಉಪ್ಪು ತೆಳುವಾಗಲಿ."

"ಒಮ್ಮೆಗೇ ತೆಳುವಾದರೆ ಮಿದುಳು ಊದಿಕೊಳ್ಳುತ್ತೆ. ಡ್ರಿಪ್‌ನಲ್ಲಿ ನಿಧಾನಕ್ಕೇ ಇಳಿಸಬೇಕು. ನಾವು ಹೇಳೋವರೆಗೆ ಬಾಯಿಗೆ ಒಂದು ತೊಟ್ಟೂ ಬೇಡ."

"ಉಳೀತಾಳಾ?"

"ಈಗಲೇ ಹೇಳೋಕಾಗಲ್ಲ ಸಾರ್."

ಪ್ರಯೋಗಶಾಲೆಯ ಬೀಕರ್ ಆಗಿದ್ದರೆ ನೀರು ಸುರಿದು ಕೈತೊಳೆದುಕೊಳ್ಳಬಹುದಿತ್ತು. ಮೇಷ್ಟ್ರು ಮಂಚದ ಪಕ್ಕ ಕೈಕಟ್ಟಿ ಕೂತರು. ಕಲಿತದ್ದೆಲ್ಲ ಇಷ್ಟು ನಿಷ್ಪ್ರಯೋಜಕ ಅನಿಸಿದ್ದು ಅದೇ ಮೊದಲು. ಅಮ್ಮನ ಮೇಲೆ ಸಿಟ್ಟು ಉಕ್ಕಿತು, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ.

"ನಾನೇನು ತಪ್ಪು ಮಾಡಿದೆನೋ? ಬಿಡಿಸಿ ಹೇಳೋ," ಅಮ್ಮ ಕೇಳಿದರು.

ಪಾಠವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. "ಏನಿಲ್ಲಮ್ಮ, ಸುಮ್ನೆ ಕೂತ್ಕೋ" ಎಂದರು.

ಅಷ್ಟರಲ್ಲಿ ಚೂಟಿ ಕಣ್ಣು ಬಿಟ್ಟಳು. ತುಟಿ ಒಣಗಿ ಬಿರಿದಿತ್ತು. "ಅಪ್ಪಾ, ನೀರು."

ಅಮ್ಮ ಗಡಿಬಿಡಿಯಿಂದ ನೀರಿನ ಬಾಟಲಿಗೆ ಕೈಹಾಕಿದರು. ಮೇಷ್ಟ್ರು ಆ ಕೈಯನ್ನು ಹಿಡಿದುಕೊಂಡರು.

"ಬರೀ ನೀರು ಕಣೋ. ಏನೂ ಹಾಕಿಲ್ಲ."

"ಬೇಡಮ್ಮ."

ಮಗು ಅಪ್ಪನ ಮುಖವನ್ನೇ ನೋಡಿತು. ಅಲ್ಲಿ ಏನೂ ಸಿಗುವುದಿಲ್ಲವೆಂದು ಗೊತ್ತಾಗಿ ಕತ್ತನ್ನು ಮೆಲ್ಲಗೆ ಆಚೆಗೆ ತಿರುಗಿಸಿತು.

"ಅಜ್ಜಿ, ನೀನಾದ್ರೂ ಕೊಡು."