ಒಂದು ಗರಿ ತಾನೇ

ಮೊಟ್ಟೆಯನ್ನೂ ಒಳಗೆ ಬಿಡದ ಮನೆಯ ಮಗ ಮೀನು ಹಿಡಿಯಲು ವಿಮಾನ ಹತ್ತುತ್ತಾನೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡ ಹರ್ಷವರ್ಧನ್ ಹತ್ತುತ್ತಾನೆ. ನಾವಿರುವ ಸಿಂಗಪುರದಲ್ಲಿ ಟ್ರೌಟ್ ಮೀನಿಲ್ಲ, ಚಳಿಯಿಲ್ಲ, ಎಲೆ ಉದುರುವ ಕಾಲವೂ ಇಲ್ಲ. ಅದಕ್ಕೇ ಪ್ರತಿ ಏಪ್ರಿಲ್‌ನಲ್ಲಿ, ನ್ಯೂಜಿಲೆಂಡಿನಲ್ಲಿ ಶರತ್ಕಾಲ ಇರುವಾಗ, ಆಫೀಸಿನ ಸ್ನೇಹಿತರ ಜೊತೆ ಹೋಗಿ ಅಲ್ಲಿನ ಯಾವುದೋ ನದಿಯಲ್ಲಿ ಸೊಂಟದವರೆಗೆ ನಿಲ್ಲುತ್ತಾನೆ. ಮಿಕ್ಕ ತಿಂಗಳೆಲ್ಲ ಬುಕಿತ್ ಬಾಟೋಕ್‌ನ ನಮ್ಮ ಬ್ಲಾಕಿನ ಹಿಂದಿನ ಹುಲ್ಲಿನಲ್ಲಿ ಗಾಳದ ಕೋಲು ಹಿಡಿದು ನಿಂತು, ಅಭ್ಯಾಸಕ್ಕೆಂದು ಗಾಳಿಗೆ ದಾರ ಬೀಸುತ್ತಾನೆ. ನಾಯಿ ಹಿಡಿದು ವಾಕಿಂಗ್ ಬಂದವರು ನಿಂತು ನೋಡುತ್ತಾರೆ. ನಾಚಿಕೆ ಆಗುವುದು ನನಗೆ.

ಹಿಡಿದ ಮೀನನ್ನು ತಿನ್ನುವುದಿಲ್ಲ. ಕೊಕ್ಕೆ ಬಿಡಿಸಿ, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಾನೆ. “ಬಿಟ್ಬಿಡ್ತಾನಲ್ಲ, ಪಾಪ ಬರಲ್ಲ” ಎಂಬುದು ಅತ್ತೆಯ ತೀರ್ಪು. ಹಸಿದವರು ಹಿಡಿದು ತಿಂದರೆ ನನಗೆ ಅರ್ಥವಾಗುತ್ತದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ, ಸುಸ್ತಾಗುವವರೆಗೆ ಎಳೆದಾಡಿಸಿ, ಆಮೇಲೆ ಹೋಗಪ್ಪಾ ಎಂದು ಬೆನ್ನು ಸವರುವುದು ಯಾವ ಸೀಮೆಯ ದಯೆಯೋ ಕಾಣೆ.

ಈ ಸಲ ಅವನು ಹೋದಾಗ ಅತ್ತೆ ಮೈಸೂರಿನಿಂದ ಬಂದು ನಮ್ಮಲ್ಲಿದ್ದರು. ನಮ್ಮ ದೇವರ ಗೂಡಿನಲ್ಲಿ ಅವರ ತಾಯಿಯ ಕಾಲದ ಹಿತ್ತಾಳೆ ಕೃಷ್ಣ ಇದ್ದಾನೆ. ಅವನ ಹಿಂದೆ ಒಂದು ನವಿಲುಗರಿ. ಗರಿಯೂ ಆ ತಾಯಿ ಸಿಕ್ಕಿಸಿದ್ದೇ. ಅವನು ಹೊರಟ ಮರುದಿನ ಬೆಳಿಗ್ಗೆ ದೀಪ ಹಚ್ಚಲು ಹೋದ ಅತ್ತೆ ಕಿರುಚಿದರು. ಗರಿಯ ಕಣ್ಣು ಮಾತ್ರ ಉಳಿದಿತ್ತು. ಅದರ ಕೆಳಗಿನ ಹಸಿರು ಎಳೆಗಳೆಲ್ಲ ಹೋಗಿ ಬರೀ ಕಡ್ಡಿ ಕಾಣುತ್ತಿತ್ತು.

“ಇವಳದೇ ಕೆಲಸ” ಎಂದರು ಅತ್ತೆ, ವಾಹ್ಯುವಿನ ಕಡೆ ಬೆರಳು ಮಾಡಿ.

ವಾಹ್ಯು ಜಾವಾದ ಹಳ್ಳಿಯವಳು. ನಮ್ಮಲ್ಲೇ ಇದ್ದು ಮನೆ ನೋಡಿಕೊಳ್ಳುತ್ತಾಳೆ. ಅವಳ ದುಡಿಮೆಯಲ್ಲಿ ಊರಿನಲ್ಲಿ ಮಗಳು ಓದುತ್ತಿದ್ದಾಳೆ. ದೇವರ ಗೂಡಿನ ಧೂಳು ಹೊಡೆಯಬೇಕಾದರೂ ನನ್ನನ್ನು ಕೇಳಿ, ಕೈ ತೊಳೆದುಕೊಂಡು ಬರುವವಳು.

“ನಾನು ಮುಟ್ಟಿಲ್ಲ ಮ್ಯಾಮ್” ಎಂದಳು ತನಗೆ ಬರುವ ಇಂಗ್ಲಿಷಿನಲ್ಲಿ.

“ಅತ್ತೆ, ಅವಳು ಅಂಥವಳಲ್ಲ. ಧೂಳು ಹೊಡೆಯುವಾಗ ಕಿತ್ತಿದ್ದಲ್ಲ ಇದು, ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ, ನೋಡಿ.”

“ಹಾಗಾದ್ರೆ ಕೃಷ್ಣನೇ ಕಟ್ ಮಾಡ್ಕೊಂಡ್ನಾ? ನಮ್ಮ ದೇವ್ರು ಅಂದ್ರೆ ಇವಳಿಗೇನು ಭಯ, ಏನು ಭಕ್ತಿ! ನಮ್ಮಮ್ಮ ಇಟ್ಟಿದ್ದು ಕಣೇ ಅದು. ಏಜೆಂಟ್‌ಗೆ ಫೋನ್ ಮಾಡಿ ಇವಳನ್ನ ವಾಪಸ್ ಕಳಿಸು. ಇವಳು ಈ ಮನೇಲಿದ್ರೆ ನಾನು ನೀರೂ ಮುಟ್ಟಲ್ಲ.”

ನಿಜವಾಗಿಯೂ ಮುಟ್ಟಲಿಲ್ಲ. ಮಧ್ಯಾಹ್ನದವರೆಗೂ ಉಪವಾಸ ಕೂತರು. ವಾಹ್ಯು ಅಡುಗೆಮನೆಯ ಮೂಲೆಯಲ್ಲಿ, ಒರೆಸಿದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಊರಿಗೆ ವಾಪಸ್ ಕಳಿಸಿದರೆ ಮಗಳ ಶಾಲೆ ನಿಲ್ಲುತ್ತದೆ ಎಂದು ಅವಳು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಹರ್ಷನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಅಮ್ಮನ್ನ ಹೆಂಗಾದ್ರೂ ಸಮಾಧಾನ ಮಾಡು. ನಾನು ಬಂದ್ಮೇಲೆ ನೋಡೋಣ. ಇಲ್ಲಿ ಸಿಗ್ನಲ್ ಸರಿ ಇಲ್ಲ.”

ಸಂಜೆ ಅವನ ಫೋಟೋ ಬಂತು. ಅದಕ್ಕೆ ಮಾತ್ರ ಸಿಗ್ನಲ್ ಸಿಕ್ಕಿತ್ತು. ಕೈತುಂಬ ಒಂದು ಟ್ರೌಟ್, ಮೈಮೇಲೆ ಕೆಂಪು ಚುಕ್ಕಿ, ಹಿಂದೆ ಹಳದಿ ತಿರುಗಿದ ಮರಗಳು. ‘ಈ ಫ್ಲೈ ನಾನೇ ಕಟ್ಟಿದ್ದು!’ ಎಂದು ಕೆಳಗೆ ಬರೆದಿದ್ದ. ಫ್ಲೈ ಎಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮೀನಿಗೆ ಹುಳದ ಹಾಗೆ ಕಾಣುವಂತೆ ಮಾಡಿದ್ದು. ಊಟದ ಮೇಜಿನ ಮೇಲೆ ಕೂತು ಅವನು ಕಟ್ಟುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಫೋಟೋ ದೊಡ್ಡದು ಮಾಡಿದೆ. ಮೀನಿನ ತುಟಿಯಂಚಿನಲ್ಲಿ ಕೃಷ್ಣನ ಗರಿಯ ಹಸಿರು ಹೊಳೆಯುತ್ತಿತ್ತು. ದಿನಾ ಕೈಮುಗಿಯುವ ಬಣ್ಣ, ಗುರುತು ಸಿಗದಿರುತ್ತದೆಯೇ?

ನನ್ನ ಮೈಯೆಲ್ಲ ಉರಿಯಿತು. ಫೋನ್ ಮಾಡಿದೆ.

“ಅಂಗಡೀಲಿ ಸಿಗೋದಕ್ಕೆ ಈ ಶೈನಿಂಗ್ ಬರಲ್ಲ ಗಗನಾ. ಸ್ವಲ್ಪ ತಗೊಂಡೆ ಅಷ್ಟೆ.”

“ಮಧ್ಯಾಹ್ನ ಯಾಕೆ ಬಾಯಿ ಬಿಡ್ಲಿಲ್ಲ?”

“ಅಮ್ಮ ಸುಮ್ನೆ ಸೀನ್ ಮಾಡ್ತಾರೆ ಅಂತ.”

“ಸೀನ್ ಆಗ್ತಾನೇ ಇದೆಯಲ್ಲ, ವಾಹ್ಯು ತಲೆ ಮೇಲೆ! ಅವಳ ಕೆಲ್ಸ ಹೋದ್ರೂ ಪರ್ವಾಗಿಲ್ಲ, ನಿನಗೆ ಬೈಗುಳ ತಪ್ಪಿದ್ರೆ ಸಾಕಾ?”

“ಇಷ್ಟಕ್ಕೆಲ್ಲ ಯಾಕೆ ಕೂಗಾಡ್ತೀಯಾ? ಬಿಟ್ಬಿಡು.”

ನಾನು ಬಿಡಲಿಲ್ಲ. ಫೋಟೋ ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ, ಗರಿ ಎಲ್ಲಿಗೆ ಹೋಯಿತು ಎಂದು ತೋರಿಸಿದೆ. ಬೆಳಗಿನಿಂದ ನೀರು ಮುಟ್ಟದ ಹೆಂಗಸು, ಮಗನಿಗೆ ಅದೇ ಬಾಯಲ್ಲಿ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ಎಷ್ಟು ನಾಜೂಕಾಗಿ ಕಟ್ಟಿದಾನೆ ನೋಡು. ಚಿಕ್ಕೋನಿದ್ದಾಗಿಂದ ಅವನ ಕೈ ಹಾಗೇ. ಹೋಗ್ಲಿ ಬಿಡು, ಒಂದು ಗರಿ ತಾನೇ, ಇನ್ನೊಂದು ತಂದ್ರಾಯ್ತು. ಕಾಫಿ ಮಾಡ್ತೀಯಾ?”

ಒಂದು ಗರಿ ತಾನೇ! ವಾಹ್ಯು ಮುಟ್ಟಿದ್ದರೆ ಅದು ಅವರಮ್ಮನ ನೆನಪು, ದೇವರಿಗೆ ಆದ ಅಪಚಾರ. ಮಗ ಕತ್ತರಿಸಿ ಮೀನಿನ ಬಾಯಿಗೆ ಕೊಟ್ಟರೆ ಕೈಚಳಕ. ಕಾಫಿ ಮಾಡಲಿಲ್ಲ. ಮತ್ತೆ ಹರ್ಷನಿಗೆ ವಿಡಿಯೋ ಕಾಲ್ ಮಾಡಿ, ಅತ್ತೆಯ ಎದುರಿಗೇ ವಾಹ್ಯುವಿನ ಕೈಗೆ ಫೋನ್ ಕೊಟ್ಟು, “ಈಗ ಇವಳಿಗೆ ಹೇಳು” ಎಂದೆ. ಅವನು ನದಿಯ ದಂಡೆಯ ಟೆಂಟಿನಲ್ಲಿದ್ದ, ಅಲ್ಲಿ ಆಗಲೇ ರಾತ್ರಿ. ಸ್ವಲ್ಪ ನಕ್ಕು, “ಸಾರಿ ವಾಹ್ಯು, ಮೈ ಮಿಸ್ಟೇಕ್” ಎಂದ.

“ಓಕೆ ಸರ್” ಎಂದಳು ವಾಹ್ಯು. ಫೋನ್ ನನಗೆ ಕೊಟ್ಟು ಅತ್ತೆಯ ಎದುರಿಗೆ ಹೋಗಿ ನಿಂತಳು. ಏನೂ ಕೇಳಲಿಲ್ಲ, ಸುಮ್ಮನೆ ಕಾದಳು.

“ಏನಂತೆ ಇವಳದು? ಕೆಲಸದವಳ ಹತ್ರ ನಾನೂ ಸಾರಿ ಕೇಳ್ಬೇಕಂತಾ?” ಎಂದು ಅತ್ತೆ ಟಿವಿ ಹಾಕಿದರು.

ಆ ಮಾತನ್ನು ನಾನು ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. ವಾಹ್ಯು ನನ್ನ ಕಡೆ ತಿರುಗಿ, “ಮ್ಯಾಮ್, ನೀವು ಒಳ್ಳೆಯವರು. ಆದರೆ ನನ್ನನ್ನು ಬೇರೆ ಮನೆಗೆ ಟ್ರಾನ್ಸ್‌ಫರ್ ಮಾಡಿಸಿ” ಎಂದಳು. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ನಾನು ಒಪ್ಪಿಗೆ ಕೊಟ್ಟೆ, ಏಜೆಂಟ್ ಪಕ್ಕದ ಬುಕಿತ್ ಪಂಜಾಂಗ್‌ನಲ್ಲಿ ಒಂದು ಮನೆ ಹುಡುಕಿಕೊಟ್ಟ.

ಹರ್ಷ ಬಂದಾಗ ಅತ್ತೆ ಮಂಡಿ ನೋವಿನಲ್ಲಿ ಪಾತ್ರೆ ತಿಕ್ಕುತ್ತಿದ್ದರು. “ಇಷ್ಟು ಸಣ್ಣ ವಿಷಯಕ್ಕೆ ಬಿಟ್ಟು ಹೋದ್ಲು ನೋಡೋ” ಎಂದು ಅವನಿಗೆ ದೂರು ಹೇಳಿದರು. ಅವನು ಪಾಪ ಎಂಬಂತೆ ತಲೆಯಾಡಿಸಿದ. ನಾನು ಜಗಳವಾಡಲಿಲ್ಲ. ಅವನ ಡಬ್ಬಿಯಿಂದ ಆ ಫ್ಲೈಯನ್ನೇ ಹುಡುಕಿ ತೆಗೆದು, ಕೊಕ್ಕೆಯ ಸಮೇತ ಕೃಷ್ಣನ ಹಿಂದೆ, ಗರಿ ಇದ್ದ ಜಾಗದಲ್ಲಿ, ಬಿಚ್ಚಲು ಬಾರದಂತೆ ಕಟ್ಟಿದೆ.

ದಿನಾ ಬೆಳಿಗ್ಗೆ ಹೂವಿಡುವಾಗ ಅತ್ತೆಯ ಬೆರಳಿಗೆ ಕೊಕ್ಕೆ ಚುಚ್ಚುತ್ತದೆ. “ಆ ದರಿದ್ರ ತೆಗಿಯೇ” ಎನ್ನುತ್ತಾರೆ.

“ಹೋಗ್ಲಿ ಬಿಡಿ ಅತ್ತೆ, ಒಂದು ಗರಿ ತಾನೇ” ಎನ್ನುತ್ತೇನೆ.