ವಿಲ್ಡಾಳ ಎಡಗೈಗೊಂದು ರಿವಾಲ್ವರ್

ಲೀಲಂಡ್ ವೆಸ್ಟ್‌ಬಿ ಯಾರ ಕೈ ಕುಲುಕಿದರೂ ತಕ್ಷಣ ಬಿಡುತ್ತಿರಲಿಲ್ಲ. ಪಶುವೈದ್ಯನಿರಲಿ, ಹೊಸದಾಗಿ ಊರಿಗೆ ಬಂದ ಸೊಸೆಯಿರಲಿ, ಆ ಅಂಗೈಯನ್ನು ತನ್ನ ಒರಟು ಅಂಗೈಯಲ್ಲಿ ಒಂದು ಗಳಿಗೆ ಹಾಗೇ ಇರಿಸಿಕೊಂಡು, ತೋರುಬೆರಳಿನ ಮೊದಲ ಗೆಣ್ಣು ಎಲ್ಲಿಗೆ ಬರುತ್ತದೆಂದು ಹೆಬ್ಬೆರಳಿನಿಂದ ಸವರಿ ನೋಡಿ, ಆ ಕೈಗೆ ಎಂಥ ರಿವಾಲ್ವರ್ ಒಪ್ಪುತ್ತದೆಂದು ಅಪ್ಪಣೆ ಕೊಡಿಸಿಬಿಡುತ್ತಿದ್ದ. ಒಮ್ಮೆ ಚರ್ಚಿನ ಬಾಗಿಲಲ್ಲೇ ಪಾದ್ರಿಗೆ, "ನಿಮ್ದು ಸಣ್ಣ ಕೈ ಫಾದರ್. ಮರದ ಹಿಡೀನೇ ಆಗ್ಬೇಕು, ರಬ್ಬರಿಂದು ಬೇಡ" ಎಂದ. ಪಾದ್ರಿ ಕೈ ಬಿಡಿಸಿಕೊಂಡು, "ಇಲ್ಲಿವರೆಗೂ ದೇವರು ಬರೀ ಬಾಯಲ್ಲೇ ಕೆಲಸ ನಡೆಸಿಕೊಟ್ಟಿದ್ದಾನಪ್ಪ" ಎಂದರು.

ಮೊಂಟಾನಾದ ನಮ್ಮ ಸೀಮೆಯಲ್ಲಿ ಗೋಧಿಹೊಲಗಳು ಮುಗಿದು ಬೆಟ್ಟ ಶುರುವಾಗುವಲ್ಲಿ ಒಂದು ಹಳೆಯ ಜಲ್ಲಿಗುಂಡಿಯಿದೆ. ಹಿಮವಿಲ್ಲದ ಭಾನುವಾರಗಳಂದು ನಮ್ಮ ಪಂದ್ಯ ಅಲ್ಲೇ. ಹಲಗೆಯ ಗೋಡೆಗಳ ನಡುವೆ ಓಡುತ್ತ, ಕಿಟಕಿಗಳಲ್ಲಿ ಬಗ್ಗುತ್ತ, ರಟ್ಟಿನ ಗುರಿಗಳಿಗೂ ಉಕ್ಕಿನ ತಟ್ಟೆಗಳಿಗೂ ಗುಂಡು ಹೊಡೆಯುವ ಆಟ. ಕಾಲವನ್ನು ಅಳೆಯುವ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಆಟಗಾರನ ಬೆನ್ನಿಗೇ ಓಡುವ ಕೆಲಸ ನನ್ನದು. ಹಾಗಾಗಿ ಈ ಊರಿನವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಿತ. ಲೀಲಂಡನ ಬೆನ್ನು ಬಲಕ್ಕೆ ಕೊಂಚ ವಾಲಿತ್ತು. ಆಯುಷ್ಯವಿಡೀ ಬಲಸೊಂಟದಲ್ಲಿ ತೂಗಿದ ಉಕ್ಕಿನ ಭಾರಕ್ಕೆ ದೇಹವೇ ಒಗ್ಗಿಹೋಗಿ, ಒರೆ ಬಿಚ್ಚಿಟ್ಟ ದಿನವೂ ಅವನು ವಾಲಿಯೇ ನಡೆಯುತ್ತಿದ್ದ. ಬೇಸಿಗೆಯಲ್ಲೂ ಬಿಡದ ಆ ಕಂದು ಕ್ಯಾನ್ವಾಸ್ ಕೋಟಿನ ಮೊಣಕೈಗಳಲ್ಲಿ ತೇಪೆಯ ಮೇಲೆ ತೇಪೆ.

ಈಗ ಬಹುಮಂದಿಯ ಕೈಯಲ್ಲಿ, ಹಿಡಿಯೊಳಗೇ ಹತ್ತಾರು ಗುಂಡು ತುಂಬಿಕೊಳ್ಳುವ ಪಿಸ್ತೂಲು. ರಿವಾಲ್ವರಿನ ಧರ್ಮವೇ ಬೇರೆ, ಪಂದ್ಯದಲ್ಲಿ ಅದರ ಸೋಲುಗೆಲುವಿನ ಲೆಕ್ಕವೂ ಬೇರೆ. ಆರು ಗುಂಡು ಮುಗಿದೊಡನೆ ಗುಂಡು ತುಂಬುವ ಉರುಳೆಯನ್ನು ಹೊರಕ್ಕೆ ತೆರೆದು, ಖಾಲಿ ತೋಟಾಗಳನ್ನು ಉದುರಿಸಿ, ಸೊಂಟಪಟ್ಟಿಯಿಂದ ಉಕ್ಕಿನ ಬಿಲ್ಲೆಗೆ ಕಚ್ಚಿಸಿಟ್ಟ ಹೊಸ ಆರನ್ನು ಕಿತ್ತು ಒಟ್ಟಿಗೇ ಇಳಿಸಬೇಕು. ಓಡುತ್ತಲೇ ಇದೆಲ್ಲ ಆಗಬೇಕು. ಆ ಧರ್ಮಕ್ಕೆ ನಮ್ಮಲ್ಲಿ ಉಳಿದವರು ಇಬ್ಬರೇ: ಲೀಲಂಡ್, ಮತ್ತು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ವಿಲ್ಡಾ ಕ್ರೇಮರ್. ಒಂದು ವಾರ ಇವನು ಗೆದ್ದರೆ ಮರುವಾರ ಅವಳು. ಗೆದ್ದವರು ಸೋತವರ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಅದು ಕಹಿಯೆಂದು ದೂರುತ್ತ ಕುಡಿಯುವುದು ಪದ್ಧತಿ.

ಒಂದು ಚಳಿಗಾಲ ವಿಲ್ಡಾಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿತು, ನಡಿಗೆ ಮರಳಿತು, ಬಲಗೈ ಮಾತ್ರ ಅರ್ಧ ದಾರಿಯಲ್ಲೇ ನಿಂತಿತು: ಹಿಡಿಯಬಲ್ಲದು, ಒತ್ತಲಾರದು. ಅವಳು ತನ್ನ ರಿವಾಲ್ವರ್ ಮಾರಿ, ಜಲ್ಲಿಗುಂಡಿಯ ದಾರಿಯನ್ನೇ ಬಿಟ್ಟಳು.

ಅಲ್ಲಿಂದ ರಿವಾಲ್ವರಿನವರಲ್ಲಿ ಒಬ್ಬನೇ ಉಳಿದ ಲೀಲಂಡ್ ಪ್ರತಿ ಭಾನುವಾರವೂ ಗೆದ್ದ. "ಈ ವಾರಾನೂ ನೀನೇ ಫಸ್ಟಾ ಅಜ್ಜ? ಭಾರೀ ಜಿದ್ದಾಜಿದ್ದಿ ಇತ್ತೇನೋ!" ಎಂದು ಪಿಸ್ತೂಲಿನ ಹುಡುಗರು ಛೇಡಿಸಿದರೆ, ಅವನು ನಕ್ಕು, ಕಣ್ಣು ಮಾತ್ರ ರಸ್ತೆಯ ಕಡೆಗೆ ತಿರುಗಿಸುತ್ತಿದ್ದ. ದೂರದಲ್ಲಿ ಯಾವ ಗಾಡಿಯ ಧೂಳೆದ್ದರೂ ಅದು ಗುರುತು ಸಿಗುವಷ್ಟು ಹತ್ತಿರ ಬರುವವರೆಗೆ ಅವನ ಕಿವಿಗೆ ಮಾತು ಬೀಳುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ಅವನು ಕರ್ಟ್ ಮೋಸ್‌ಮನ್ನನ ಬಂದೂಕಿನಂಗಡಿಗೆ ಹೊಸ ರಿವಾಲ್ವರ್ ಹುಡುಕುತ್ತ ಎಡತಾಕಲು ಶುರುಮಾಡಿದ್ದು. ಒಂದೊಂದನ್ನೂ ಎತ್ತಿ, ಖಾಲಿಯೆಂದು ಎರಡೆರಡು ಸಲ ನೋಡಿ, ಗೋಡೆಯ ಮೂಲೆಗೆ ಗುರಿಯಿಟ್ಟು ಟ್ರಿಗರ್ ಎಳೆಯುತ್ತಿದ್ದ. ಎಳೆಯುತ್ತಿದ್ದುದು ಎಡಗೈಯಲ್ಲಿ.

"ಬಲಗೈ ಮನೇಲಿ ಬಿಟ್ಟು ಬಂದ್ಯಾ?" ಎಂದ ಕರ್ಟ್.

"ಅವಳಿಗೆ ಬಲಗೈ ಬರಲ್ಲ ಕಣೋ. ಇದು ಬಿಗಿ. ಇನ್ನೊಂದು ಕೊಡು."

ಕರ್ಟ್ ಆಮೇಲೆ ತಮಾಷೆ ಮಾಡಲಿಲ್ಲ. ರಿವಾಲ್ವರಿನ ಉರುಳೆ ತೆರೆಯುವ ಗುಂಡಿ ಬಲಗೈಯವರ ಹೆಬ್ಬೆರಳಿಗೆಂದೇ ಇರುವಂಥದ್ದು. ಎಡಗೈಯವರು ತೋರುಬೆರಳನ್ನು ಮಡಚಿ ಅದನ್ನು ಒತ್ತಬೇಕು. ಯಾವುದರಲ್ಲಿ ಅದು ನೋಯದೆ ಆಗುತ್ತದೆಂದು ತಿಳಿಯಲು ಲೀಲಂಡ್ ಆ ಬೇಸಿಗೆಯಿಡೀ ಎಡಗೈಯಲ್ಲೇ ಉಂಡ, ಎಡಗೈಯಲ್ಲೇ ಗಡ್ಡ ಹೆರೆದುಕೊಂಡು ಗಲ್ಲದ ತುಂಬ ಗಾಯ ಮಾಡಿಕೊಂಡ.

ಎಂಟು ಗುಂಡಿನದನ್ನೇ ಕೊಳ್ಳೆಂದು ಕರ್ಟ್ ಒತ್ತಾಯಿಸಿದ. ಮತ್ತೆ ಮತ್ತೆ ತುಂಬುವ ಕಷ್ಟ ಅವಳಿಗೆ ಕಡಿಮೆ. ಮಾತು ನ್ಯಾಯವೇ. ಲೀಲಂಡ್ ಅಂಥದೊಂದನ್ನು ಎರವಲು ತಂದು ಪಂದ್ಯಕ್ಕಿಳಿದ. ನಾನು ಬೆನ್ನಿಗಿದ್ದೆ. ಆರನೆಯ ಗುಂಡು ಹಾರಿತೋ ಇಲ್ಲವೋ, ಅವನ ಕೈ ಅವನನ್ನು ಕೇಳದೆ ಉರುಳೆ ತೆರೆದು ಸುರುವಿತು; ಹೊಡೆಯದ ಎರಡು ಗುಂಡು ಜಲ್ಲಿಯಲ್ಲಿ ಬಿದ್ದು ಥಳಥಳಿಸಿದವು. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಅವನು ಅವೆರಡನ್ನು ಹೆಕ್ಕಿ ಒರೆಸಿಕೊಳ್ಳುತ್ತ, "ಅವಳ ಕೈಗೂ ಆರೇ ಗೊತ್ತಿರೋದು. ಕಾಯಿಲೆಯವಳಿಗೆ ಲೆಕ್ಕ ಬೇರೆ ಹೊಸದಾಗಿ ಕಲಿಸ್ಲಾ?" ಎಂದ.

ಕಡೆಗೆ ಆರಿಸಿದ್ದು ಆರು ಗುಂಡಿನ ಒಂದು ಹಳೆಯ ರಿವಾಲ್ವರ್. ಟ್ರಿಗರನ್ನು ಕರ್ಟ್ ಹಗುರ ಮಾಡಿಕೊಟ್ಟ. ಅಕ್ರೋಟು ಮರದ ಹಿಡಿಯನ್ನು ಲೀಲಂಡ್ ತಾನೇ ಅರದಿಂದ ತೀಡಿದ, ಅವಳ ಕೈಯಳತೆಯನ್ನು ಯಾರನ್ನೂ ಕೇಳದೆ.

ಅವಳನ್ನು ಕರೆತರುವುದು ನನ್ನ ಪಾಲಿಗೆ ಬಂತು. "ಗುರಿಗಳ ತೂತಿಗೆ ಪಟ್ಟಿ ಅಂಟಿಸೋಕೆ ಜನ ಇಲ್ಲ ವಿಲ್ಡಾ" ಎಂದೆ. ಒಬ್ಬರು ಹೊಡೆದ ತೂತುಗಳನ್ನು ಉಳಿದವರೆಲ್ಲ ಮುಚ್ಚುವುದು ನಮ್ಮ ಆಟದ ಋಣ. ಅದಕ್ಕೆ ಕರೆದರೆ ಬರುವುದಿಲ್ಲವೆನ್ನುವವರು ನಮ್ಮಲ್ಲಿಲ್ಲ. ವರ್ಷದ ಕೊನೆಯ ಪಂದ್ಯಕ್ಕೆ ಅವಳು ಬಂದಳು. ಬಂದೂಕು ಹೊರತೆಗೆಯಬಹುದು, ಗುಂಡು ಮಾತ್ರ ಮುಟ್ಟಬಾರದೆಂಬ ಕಟ್ಟಳೆಯಿರುವ ಮೇಜಿನ ಬಳಿ ಲೀಲಂಡ್ ಅವಳನ್ನು ಕರೆದೊಯ್ದು, ಬಟ್ಟೆಯಲ್ಲಿ ಸುತ್ತಿ ತಂದಿದ್ದ ರಿವಾಲ್ವರನ್ನು ತೆಗೆದು ತೋರಿಸಿದ.

"ಏನೋ ಇದು? ನಂಗ್ಯಾಕೆ, ಕರಡಿ ಓಡ್ಸೋಕಾ?"

"ನನ್ನ ಓಡ್ಸೋಕೆ."

"ಈ ಕೈಲಿ ಒಂದು ಸ್ವಿಚ್ಚು ಒತ್ತೋಕಾಗಲ್ಲ, ಲೀಲಂಡ್."

"ಆ ಕೈ ಯಾರು ಕೇಳಿದ್ರು? ಅದು ಸುಮ್ನೆ ಹಿಡ್ಕೊಳ್ಳಲಿ. ಹೊಡೆಯೋದು, ತುಂಬೋದು ಎಲ್ಲ ಈ ಕಡೇದು."

ಅವಳು ಎಡಗೈ ಚಾಚಿದಳು. ಮರದ ಹಿಡಿ ಅಂಗೈಯೊಳಗೆ ಕೂತ ಬಗೆ ನೋಡಿ ನಾನು ಆಕಾಶ ನೋಡಿದೆ.

ಅಂದೇ ಅವಳೂ ಪಂದ್ಯಕ್ಕಿಳಿದಳು. ಊರಿಗೆಲ್ಲ ಊಟವಾಗುವಷ್ಟು ಹೊತ್ತು ಅವಳ ಆಟ ನಡೆಯಿತು ಅನ್ನಿ. ಒಂದು ಬಿಲ್ಲೆ ಕೈಜಾರಿತು, ಎರಡು ಗುರಿ ತಪ್ಪಿದವು. ಆದರೆ ಆರಕ್ಕೊಮ್ಮೆ ಆ ಎಡಗೈ ಹೇಳಿಸಿಕೊಳ್ಳದೆ ತಾನೇ ಸೊಂಟದ ಬಿಲ್ಲೆಗೆ ಹೋಗುತ್ತಿತ್ತು. ಆಮೇಲೆ ಲೀಲಂಡನ ಸರದಿ. ಕರುಣೆ ತೋರಿ ಮೆಲ್ಲಗೆ ಹೊಡೆಯುತ್ತಾನೆಂದುಕೊಂಡಿದ್ದೆ. ಹಾಗೆಲ್ಲ ಏನಿಲ್ಲ! ಆ ವರ್ಷ ಅವನು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ.

"ನಾಚ್ಕೆ ಆಗಲ್ವೇನೋ, ಕಾಯಿಲೆಯವಳನ್ನ ಹಿಂಗೆ ಬಡಿಯೋಕೆ?" ಎಂದಳು ವಿಲ್ಡಾ, ಮುಖ ಕೆಂಪಗೆ ಮಾಡಿಕೊಂಡು.

"ಇಲ್ವಲ್ಲ."

"ಹಿಮ ಕರಗ್ಲಿ, ಮಗನೇ, ನೋಡ್ಕೋತೀನಿ ನಿನ್ನ."

ಮರುವಾರವೇ ಹಿಮ ಬಿದ್ದು ದಾರಿ ಮುಚ್ಚಿತು. ಆ ದೀರ್ಘ ಚಳಿಗಾಲದುದ್ದಕ್ಕೂ ಲೀಲಂಡ್ ಸಿಕ್ಕವರನ್ನೆಲ್ಲ ಹಿಮ ಯಾವಾಗ ಕರಗೀತೆಂದು ಕೇಳುತ್ತಿದ್ದ. ಹಸು ಸಾಕಿದವನಲ್ಲ, ಗೋಧಿ ಬಿತ್ತುವವನೂ ಅಲ್ಲ. ಇಂಥವರನ್ನು ಲೋಕ ಗೆಲುವಿನ ಹಂಬಲಿಗರೆಂದು ಕರೆದು ಮರೆತುಬಿಡುತ್ತದೆ. ಎದುರಾಳಿಯಿಲ್ಲದ ಗೆಲುವನ್ನು ಬುತ್ತಿಯಂತೆ ಕಟ್ಟಿಕೊಂಡು ಒಬ್ಬರೇ ಕೂತು ಉಂಡು ನೋಡಿದವರು ಅವರು. ಅದರ ಸಪ್ಪೆ ಅವರಿಗಷ್ಟೇ ಗೊತ್ತು. ಅವರ ಪ್ರೀತಿಗೆ ಬೇರೆ ಭಾಷೆ ಬಾರದು. ತಮ್ಮನ್ನು ಸೋಲಿಸಬಲ್ಲ ಒಂದು ಜೀವ ಎಲ್ಲಾದರೂ ಇರಲಿ ಎಂದು ಹಾರೈಸುತ್ತಾರೆ. ಇಲ್ಲವಾದರೆ ತಮ್ಮ ಕೈಯಾರೆ ತೀಡಿ, ಹದಮಾಡಿ, ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ.