ಗಾಜಿನ ಬಟ್ಟೆಯ ಗಂಜಿ

ಮಸ್ಕಿಯ ಆ ಮನೆಯಲ್ಲಿ ಫ್ರಿಜ್ ನಿಂತಿರುವುದು ಮಗ್ಗದ ಕುಣಿಯ ಮೇಲೆ. ಮೌನೇಶ್ವರಿ ಹೈಸ್ಕೂಲಿನಲ್ಲಿದ್ದಾಗ ಕುಣಿಗೆ ಮರಂ ಮಣ್ಣು ತುಂಬಿ ಬಂಡೆ ಹಾಸಿದ್ದರು. ಮಗ್ಗದ ಕಟ್ಟಿಗೆ ಸಿಂಧನೂರಿನ ಯಾವುದೋ ಹೋಟೆಲಿನ ಬೆಂಚಾಯಿತು. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಾಲ್ಮಣೆ ತುಳಿಯುತ್ತ ನೇಯುತ್ತಿದ್ದ ಅವ್ವ ಆದಮ್ಮ ಅಂದು ಉಣ್ಣಲಿಲ್ಲ. ಕೇಳಿದವರಿಗೆಲ್ಲ ಏಕಾದಶಿ ಎಂದಳು. ಲಾಳಿಯ ಸದ್ದಿಗೆ ನಿದ್ದೆ ಹೋಗುತ್ತಿದ್ದ ಮಗಳು ಫ್ರಿಜ್ಜಿನ ಗುರುಗುರಿಗೆ ಒಗ್ಗಿಕೊಂಡಳು.

ಈಗ ಅವಳು ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಜೊತೆಗೆ ಪಿಎಚ್‌ಡಿ. ಗಾಜಿನ ಎಳೆಯಲ್ಲಿ ನೇಯ್ದ ಬಟ್ಟೆಗೆ ಅಂಟು ಕುಡಿಸಿ ಹಲಗೆ ಮಾಡಿದರೆ, ಅದು ಎಷ್ಟು ಎಳೆದರೆ ಹರಿದೀತು? ಹಾಸು ಹೊಕ್ಕುಗಳ ಏರಿಳಿತವನ್ನೆಲ್ಲ ಕಂಪ್ಯೂಟರಿಗೆ ಊಡಿಸಿ ಅದನ್ನು ಮೊದಲೇ ಹೇಳುವುದು ಅವಳ ಸಂಶೋಧನೆ. ಮಗ್ಗ ಹೋದರೂ ಮಗ್ಗದ ಲೆಕ್ಕ ಮನೆ ಬಿಟ್ಟಿರಲಿಲ್ಲ ಎನ್ನಿ. ಯಂತ್ರದಲ್ಲಿ ಎಳೆಸಿ ಆ ಲೆಕ್ಕ ನಿಜವೆಂದು ತೋರಿಸದಿದ್ದರೆ ಪದವಿ ಇಲ್ಲ. ಇದ್ದದ್ದು ಒಂದೇ ತುಂಡು ಬಟ್ಟೆ. ಕತ್ತರಿಸಲೆಂದು ಮನೆಗೆ ತಂದಿದ್ದಳು.

ಸಂತೆಗೆ ಹೋಗಿ ಬರುವಷ್ಟರಲ್ಲಿ ಅದು ಅಂಗಳದ ತಂತಿಯ ಮೇಲಿತ್ತು.

"ಏನ್ ಮಾಡಿದಿ ಬೇ?"

"ಹೊಸಾ ಬಟ್ಟಿ, ಗಂಜಿ ಬಿಡಿಸಬಾರದೇನು? ಬಿಸಿನೀರಾಗ ಸೋಡಾ ಹಾಕಿ ಒಗದೀನಿ." ಆದಮ್ಮ ಮೊಳಕೈವರೆಗೆ ಕೆರೆದುಕೊಳ್ಳುತ್ತಿದ್ದಳು. "ಯಾವೂರ ನೂಲು ಇದು? ಕೈಯೆಲ್ಲ ಕಡಿಯಾಕತ್ತೈತಿ."

ಅವ್ವ ಬಿಡಿಸಿದ್ದು ಗಂಜಿಯಲ್ಲ, ಗಾಜಿಗೂ ಅಂಟಿಗೂ ನಂಟು ಬೆಸೆಯುವ ಲೇಪ. ಮೌನೇಶ್ವರಿ ಬೈಯಬೇಕೆಂದೇ ಬಾಯಿ ತೆರೆದಳು. ಆದರೆ ತಂತಿಯ ಮೇಲೆ ಬಟ್ಟೆಯ ಅಂಚು, ಹಿಂದೆ ಮಗ್ಗದಿಂದಿಳಿದ ಸೀರೆಯ ಅಂಚಿನಂತೆಯೇ, ಹೆಬ್ಬೆರಳಲ್ಲಿ ತೀಡಿ ತೀಡಿ ನೇರವಾಗಿತ್ತು. ಅವಳು ಅವ್ವನ ಕೈಗೆ ತಣ್ಣೀರು ಸುರಿದಳು.

ಬೇರೆ ಬಟ್ಟೆಯಿಲ್ಲದೆ ಅದರದೇ ಹಲಗೆ ಮಾಡಿ ಯಂತ್ರಕ್ಕೆ ಕೊಟ್ಟಳು. ಲೆಕ್ಕ ಹೇಳಿದ್ದಕ್ಕಿಂತ ಎಷ್ಟೋ ಮೊದಲೇ ಹರಿಯಿತು. ಗೈಡ್ ಗಂಗಾಧರ ಸರ್ ಹುಬ್ಬು ಗಂಟಿಕ್ಕಿದರು.

"ಒಗದಾರ್ರೀ ಸರ್."

"ಯಾರು?"

"ನಮ್ಮವ್ವ."

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಹೊಸ ಬಟ್ಟೆ ತರಿಸು, ಇನ್ನೊಂದು ಸಲ ನೋಡೋಣ, ಬಟ್ಟೆ ಮಾತ್ರ ಕಾಲೇಜಿನಲ್ಲೇ ಇರಲಿ ಎಂದರು.

ಹೊಸ ಬಟ್ಟೆಯ ಹಲಗೆ, ಕಂಪ್ಯೂಟರು ಹೇಳಿದ ಲೆಕ್ಕದ ಹತ್ತಿರಕ್ಕೇ ಬಂದು ಹರಿಯಿತು. ಸುದ್ದಿ ಕೇಳಿದ ಆದಮ್ಮ, ಹರಿದದ್ದಕ್ಕೆ ಇಷ್ಟು ಖುಷಿ ಪಡುವವರನ್ನು ತಾನು ಕಂಡಿಲ್ಲ ಎಂದಳು. ಮೌನೇಶ್ವರಿ ಮಿಕ್ಕ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವ್ವನ ಮಡಿಲಿಗಿಟ್ಟಳು.

"ಒಗೀಲೇನು?"

"ಬ್ಯಾಡ ಬೇ. ಸುಮ್ನ ನೋಡು."

ಆದಮ್ಮ ಫ್ರಿಜ್ಜಿನ ಮುಂದೆ ಕುರ್ಚಿಯಲ್ಲಿ ಕೂತು, ಚೀಲದ ಮೇಲಿಂದಲೇ ಅಂಚು ತೀಡತೊಡಗಿದಳು. ಬಂಡೆಯ ಮೇಲೆ ಅವಳ ಕಾಲುಗಳು ಒಂದಾದ ಮೇಲೊಂದು ಮೆಲ್ಲಗೆ ತುಳಿಯುತ್ತಿದ್ದವು.